ಮಾಕುಟ್ಟದ ಮಣ್ಣುಗುಡ್ಡೆ

2006ರಲ್ಲಿ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ತೊಮಸೆಲ್ಲೊ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು 18 ತಿಂಗಳ ಮಕ್ಕಳ ಮುಂದೆ ಒಂದು ಸಣ್ಣ ನಾಟಕ ಆಡಿದರು. ಪರಿಚಯವೇ ಇಲ್ಲದ ಒಬ್ಬ ಬಟ್ಟೆ ಒಣಹಾಕ್ತಾ ಕ್ಲಿಪ್ ಬೀಳಿಸಿಕೊಂಡು, ಕೈ ಎಟುಕದೆ ಒದ್ದಾಡುತ್ತಾನೆ. ಯಾರೂ ಹೇಳಿಕೊಡದಿದ್ದರೂ, 24 ಮಕ್ಕಳಲ್ಲಿ 22 ಮಕ್ಕಳು ಇಂಥ ಸಂದರ್ಭಗಳಲ್ಲಿ ಒಮ್ಮೆಯಾದರೂ ಸಹಾಯ ಮಾಡಿದವು. ಎರಡು ವರ್ಷದ ನಂತರದ ಇನ್ನೊಂದು ಪ್ರಯೋಗದಲ್ಲಿ, ಸಹಾಯಕ್ಕೆ ಬಹುಮಾನ ಕೊಟ್ಟ ಮಕ್ಕಳು ಆಮೇಲೆ ಸಹಾಯ ಮಾಡೋದನ್ನೇ ಕಮ್ಮಿ ಮಾಡಿದವು. (ಅಪ್ರೈಸಲ್ ಸೀಸನ್ನಿನಲ್ಲಿ ಇದನ್ನು ಓದಬೇಡಿ.)

ಹಾಗಾದ್ರೆ "ಅಪರಿಚಿತರ ಮೇಲೆ ಕರುಣೆ ಕಲಿಸೋದು ಹೇಗೆ?" ಅನ್ನೋ ಪ್ರಶ್ನೆಯೇ ಸ್ವಲ್ಪ ತಲೆಕೆಳಗಾಗಿದೆ ಅನ್ಸುತ್ತೆ. ಮಗುವಿಗೆ ಅದು ಬರುತ್ತೆ. ನಾವು ಕಲಿಸೋದು ಅದನ್ನು ಎಲ್ಲಿ ನಿಲ್ಲಿಸಬೇಕು ಅನ್ನೋದನ್ನ.

ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಕಾಡಿನ ಘಾಟಿ ಇಳಿದರೆ ಮಾಕುಟ್ಟ. ಕೂಟುಪುಳ ಸೇತುವೆ ದಾಟಿದರೆ ಕೇರಳ, ಮುಂದೆ ಇರಿಟ್ಟಿ. ನಮ್ಮ ಕಡೆಯವರಿಗೆ ಇದು ಗಡಿಗಿಂತ ಹೆಚ್ಚಾಗಿ ದಾರಿ. ಮೀನು ಬರೋದು, ಬಟ್ಟೆ ತರೋದು, ಹೆಣ್ಣು ಕೊಡೋದು ತರೋದು, ಎಲ್ಲಾ ಇದರಲ್ಲೇ. ಕಣ್ಣೂರು ಜಿಲ್ಲೆಯ ಪಯ್ಯಾವೂರು ದೇವಸ್ಥಾನದ ಊಟ್ಟು ಉತ್ಸವಕ್ಕೆ ಕೊಡವರು ಎತ್ತುಗಳ ಮೇಲೆ ಅಕ್ಕಿ ಹೇರಿಕೊಂಡು ಗುಡ್ಡ ಇಳಿದು ಹೋಗೋದು ಎಷ್ಟೋ ಕಾಲದ ಪದ್ಧತಿ. ಭಾಷೆ ಬೇರೆ, ರಾಜ್ಯ ಬೇರೆ, ಅಕ್ಕಿ ಮಾತ್ರ ನಮ್ಮದು.

2020ರ ಮಾರ್ಚ್‌ನಲ್ಲಿ ಈ ದಾರಿಗೆ ಮಣ್ಣು ಸುರಿದು ಗುಡ್ಡೆ ಹಾಕಿದರು. ಕಾಸರಗೋಡಿನಲ್ಲಿ ಕೊರೊನಾ ಏರುತ್ತಿತ್ತು, ನಮ್ಮ ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆಗಳು ಕಮ್ಮಿ. ಭಯ ಸುಳ್ಳಾಗಿರಲಿಲ್ಲ. ಆ ಮಣ್ಣು ಹಾಕಿದ್ದು ದ್ವೇಷದಿಂದ ಅಂತ ನಾನು ಹೇಳಲ್ಲ, ಕಾಳಜಿಯಿಂದಲೇ. ತೊಂದರೆ ಇರೋದೇ ಅಲ್ಲಿ. ನಮ್ಮವರನ್ನು ಜೋಪಾನ ಮಾಡೋ ಕೈಯೇ ಗುಡ್ಡೆಯನ್ನೂ ಹಾಕುತ್ತೆ. ತಲಪಾಡಿಯಲ್ಲೂ ದಾರಿ ಮುಚ್ಚಿತು. ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ಕೆಲವರು ಗಡಿ ದಾಟಲಾಗದೆ ತೀರಿಕೊಂಡ ಸುದ್ದಿ ಬಂತು. ಅವರ ಪೈಕಿ ಮನೆಯಲ್ಲಿ ಕನ್ನಡ ಮಾತಾಡೋರೂ ಇದ್ದಿರಬಹುದು, ಆದರೆ ಅದನ್ನು ಹೇಳಿದರೆ ಮಾತ್ರ ನಮಗೆ ನೋವಾಗೋದಾದ್ರೆ ಅದೂ ಒಂದು ಗುಡ್ಡೆಯೇ. ವಿಷಯ ಸುಪ್ರೀಂ ಕೋರ್ಟ್ ತನಕ ಹೋಗಿ, ಏಪ್ರಿಲ್‌ನಲ್ಲಿ ರೋಗಿಗಳಿಗೆ ದಾರಿ ಬಿಡುವ ಒಪ್ಪಂದ ಆಯ್ತು.

ಇದಕ್ಕೆ ಒಂದೂವರೆ ವರ್ಷ ಹಿಂದೆ, 2018ರ ಆಗಸ್ಟ್‌ನಲ್ಲಿ, ಕೊಡಗಿನ ಗುಡ್ಡಗಳು ಕುಸಿದು ಸಾವಿರಾರು ಜನ ಪರಿಹಾರ ಕೇಂದ್ರ ಸೇರಿದ್ದರು. ಹೆಸರೇ ಕೇಳದ ಊರುಗಳಿಂದ ಅಕ್ಕಿ, ಕಂಬಳಿ, ಬಿಸ್ಕತ್ತು ಬಂತು. ಅದನ್ನು ತಿಂದ ಮಕ್ಕಳೇ ಮಾಕುಟ್ಟದ ಮಣ್ಣನ್ನೂ ಟಿವಿಯಲ್ಲಿ ನೋಡಿದ್ದು. ಎರಡೂ ಪಾಠವೇ.

ಮಗು ಕೇಳುತ್ತೆ: "ಆ ಕಡೆಯವರು ಕೆಟ್ಟವರಾ?" ಇಲ್ಲಿ ಊರಿನ ಕೆಲಸ ಇದೆ. "ನಮಗೆ ಭಯ ಆಗಿದೆ ಮಗ, ಅದಕ್ಕೆ ಮುಚ್ಚಿದ್ದೀವಿ" ಅನ್ನೋದು ಒಂದು. "ಹೌದು, ಅವರು ಹಾಗೇ" ಅನ್ನೋದು ಇನ್ನೊಂದು. ಭಯ ಇಳಿದ ಮೇಲೆ ಮೊದಲನೆಯ ಉತ್ತರ ತಾನಾಗೇ ಹೋಗುತ್ತೆ. ಎರಡನೆಯದು ಉಳಿದುಕೊಳ್ಳುತ್ತೆ. ಮಣ್ಣು ತೆಗೆಯೋಕೆ ಜೆಸಿಬಿ ಸಾಕು, ಅದನ್ನು ತೆಗೆಯೋಕೆ ಯಾವ ಜೆಸಿಬಿ?

ನಮ್ಮ ಹಳ್ಳಿಯಲ್ಲಿ ಬಂದವರಿಗೆ ನೀರು ಕೊಡೋದು ಚಿಕ್ಕ ಮಕ್ಕಳ ಕೆಲಸ. ಯಾರು, ಯಾವ ಜಾತಿ, ಯಾಕೆ ಬಂದ್ರು ಅಂತ ವಿಚಾರಿಸೋದು ದೊಡ್ಡವರ ಕೆಲಸ, ಅದೂ ನೀರು ಕುಡಿದ ಮೇಲೆ. (ಎಲ್ಲರಿಗೂ ಒಂದೇ ಲೋಟ ಇರ್ತಿರಲಿಲ್ಲ, ಹಳ್ಳಿಯನ್ನು ಹೊಗಳುವಾಗ ಇದನ್ನು ಮರೀಬಾರದು.) ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕ್ರಮ ಉಲ್ಟಾ: ಮೊದಲು ವಿಚಾರಣೆ, ಆ್ಯಪ್‌ನಲ್ಲಿ ಒಪ್ಪಿಗೆ, ನೀರಿನ ಮಾತೇ ಇಲ್ಲ. ಗೇಟ್ ಬೇಡ ಅಂತಲ್ಲ. ಡೆಲಿವರಿ ಹುಡುಗನಿಗೆ ನೀರು ಬೇಕಾ ಅಂತ ಕೇಳೋ ಕೆಲಸ ಮಗುವಿಗೆ ಕೊಡಬಹುದಲ್ವಾ?

ಊರಲ್ಲೂ ಈಗ ಹೊಸ ಪರೀಕ್ಷೆ ಇದೆ. ಕಾಫಿ ತೋಟದ ಲೈನ್ ಮನೆಗಳಿಗೆ ಅಸ್ಸಾಮಿನಿಂದ ಕುಟುಂಬಗಳು ಬಂದಿವೆ. ಊಟಕ್ಕೆ ಕೂತಾಗ ದೊಡ್ಡವರು ಅವರ ಬಗ್ಗೆ ಆಡೋ ಮಾತನ್ನು ಪಕ್ಕದಲ್ಲಿ ಪಾಪುಟ್ಟು ತಿನ್ನುತ್ತಿರೋ ಮಕ್ಕಳು ಕೇಳಿಸ್ಕೊಳ್ತಿರ್ತಾರೆ.