ಸಿಳ್ಳೆ ಹಾಕಿದ್ದಕ್ಕೆ ಯಾವ ಶಿಕ್ಷೆ?

‘ಮುಟ್ಟಿದ ಕೂಡಲೇ ಒಂದು ಮಿಸ್ಡ್ ಕಾಲ್ ಕೊಡು.’ ಇಪ್ಪತ್ತು ವರ್ಷಗಳ ಹಿಂದೆ ಹಾಸ್ಟೆಲಿಗೆ ಹೊರಟ ಮಕ್ಕಳಿಗೆ ಬಸ್‌ಸ್ಟ್ಯಾಂಡಿನಲ್ಲಿ ಮನೆಯವರು ಹೇಳುತ್ತಿದ್ದ ಕೊನೆಯ ಮಾತು ಇದು. ಫೋನು ಎರಡು ಸಲ ರಿಂಗಾಗಿ ನಿಂತರೆ ಮಗಳು ಕ್ಷೇಮವಾಗಿ ತಲುಪಿದಳು ಎಂದರ್ಥ. ಕಂಪನಿಯ ಟವರು, ತಂತಿ, ಕರೆಂಟು ಎಲ್ಲವನ್ನೂ ಬಳಸಿದ್ದಾಯಿತು, ಸುದ್ದಿಯೂ ಮುಟ್ಟಿತು, ಒಂದು ಪೈಸೆ ಖರ್ಚಾಗಲಿಲ್ಲ. ಇದನ್ನು ಯಾರೂ ಕಳ್ಳತನ ಅನ್ನಲಿಲ್ಲ. ಯಾಕೆ ಅನ್ನಲಿಲ್ಲ ಎಂದು ಕೇಳಿಕೊಂಡರೆ ಉತ್ತರ ಅಷ್ಟು ಸುಲಭಕ್ಕೆ ಸಿಗುವುದಿಲ್ಲ.

ಇಂಥದ್ದೇ ಒಂದು ಪ್ರಶ್ನೆ ಅಮೆರಿಕದಲ್ಲಿ ಅರ್ಧ ಶತಮಾನದ ಹಿಂದೆ ಕೋರ್ಟಿನ ಮೆಟ್ಟಿಲು ಹತ್ತಿತ್ತು. 1949ರಲ್ಲಿ ಹುಟ್ಟಿದ ಜೋ ಎಂಗ್ರೆಸಿಯಾ ಹುಟ್ಟುಕುರುಡ. ಶ್ರುತಿಯನ್ನು ತಪ್ಪಿಲ್ಲದೆ ಗುರುತಿಸಬಲ್ಲ ಕಿವಿ ಆತನದು. ಫೋನೇ ಅವನ ಆಟಿಕೆ. ಏಳೆಂಟು ವರ್ಷದವನಿದ್ದಾಗ, ಒಂದು ನಿರ್ದಿಷ್ಟ ಸ್ವರದಲ್ಲಿ ಸಿಳ್ಳೆ ಹಾಕಿದರೆ ಫೋನಿನಲ್ಲಿ ಕೇಳುತ್ತಿದ್ದ ಧ್ವನಿ ನಿಂತುಹೋಗುವುದನ್ನು ಗಮನಿಸಿದ. ಆ ಸ್ವರದ ಕಂಪನ ಸೆಕೆಂಡಿಗೆ 2600. ದೂರದೂರುಗಳ ನಡುವಿನ ಲೈನು ಖಾಲಿಯಿದೆ ಎಂದು ಒಂದು ಯಂತ್ರ ಇನ್ನೊಂದಕ್ಕೆ ತಿಳಿಸಲು ಬೆಲ್ ಕಂಪನಿ ಬಳಸುತ್ತಿದ್ದ ಸಂಕೇತವೂ ಅದೇ. ಸಿಳ್ಳೆ ಕೇಳಿದ ಯಂತ್ರ ಕರೆ ಮುಗಿಯಿತೆಂದು ನಂಬಿಬಿಡುತ್ತಿತ್ತು. ಲೈನು ಮಾತ್ರ ಸಿಳ್ಳೆ ಹಾಕಿದವನ ಕೈಯಲ್ಲೇ ಉಳಿಯುತ್ತಿತ್ತು. ಅಲ್ಲಿಂದ ಮುಂದೆ ಎಲ್ಲಿಗೆ ಬೇಕಾದರೂ ದುಡ್ಡಿಲ್ಲದೆ ಕರೆ ಮಾಡಬಹುದಿತ್ತು.

ಕಾಲೇಜಿಗೆ ಬಂದ ಮೇಲೆ ಜೊತೆಗಾರರಿಗೆ ಸಿಳ್ಳೆಯಿಂದಲೇ ಕರೆ ಜೋಡಿಸಿಕೊಟ್ಟು ಡಾಲರ್ ಪಡೆದು ಸಿಕ್ಕಿಬಿದ್ದ. 1971ರಲ್ಲಿ ಟೆನೆಸಿ ರಾಜ್ಯದ ಮೆಂಫಿಸ್‌ನಲ್ಲಿ ಪೊಲೀಸರು ಅವನನ್ನು ಬಂಧಿಸಿದರು. ಜೈಲಿಗೆ ಕಳಿಸಲಿಲ್ಲ, ಶಿಕ್ಷೆಯನ್ನು ಅಮಾನತಿನಲ್ಲಿಟ್ಟರು. ಆದರೆ ಅಪರಾಧಕ್ಕೆ ಸಿಕ್ಕ ಹೆಸರು ‘ದುರುದ್ದೇಶದ ಕಿಡಿಗೇಡಿತನ’.

ಕಳ್ಳತನ ಎಂದರೆ ನಮ್ಮ ದಂಡಸಂಹಿತೆಯಲ್ಲೂ ಒಬ್ಬರ ವಶದಲ್ಲಿರುವ ಚರವಸ್ತುವನ್ನು ಅವರ ಒಪ್ಪಿಗೆಯಿಲ್ಲದೆ ಅಪ್ರಾಮಾಣಿಕವಾಗಿ ಕದಲಿಸುವುದು. ಬಿಂದಿಗೆ ಕದ್ದರೆ ಮನೆಯಲ್ಲಿ ಬಿಂದಿಗೆ ಇರುವುದಿಲ್ಲ. ಫೋನ್ ಕರೆ ಕದ್ದರೆ ಲೈನು ಇದ್ದಲ್ಲೇ ಇರುತ್ತದೆ. ಹೀಗಾಗಿ ಶಾಸನಸಭೆಗಳು ‘ಸೇವೆಯ ಕಳ್ಳತನ’ ಎಂಬ ಹೊಸ ಜಾತಿಯ ಅಪರಾಧವನ್ನು ಬರೆಯಬೇಕಾಯಿತು. ನಮ್ಮಲ್ಲಿ ದೂರಸಂಪರ್ಕ ಕೇಂದ್ರಪಟ್ಟಿಯ ವಿಷಯ. ಅಮೆರಿಕದಲ್ಲಿ ಕೇಂದ್ರದ ಕಾನೂನಿನ ಜೊತೆಗೆ ರಾಜ್ಯಗಳ ಕಾನೂನುಗಳೂ ಇವೆ. ಕ್ಯಾಲಿಫೋರ್ನಿಯಾದ ದಂಡಸಂಹಿತೆಯ 502.7ನೇ ಕಲಮಿನ ಪ್ರಕಾರ ಮೋಸದಿಂದ ಫೋನ್ ಶುಲ್ಕ ತಪ್ಪಿಸುವುದು ಅಪರಾಧ, ಆ ಉದ್ದೇಶದಿಂದ ಉಪಕರಣ ಮಾಡುವುದೂ ಇಟ್ಟುಕೊಳ್ಳುವುದೂ ಅಪರಾಧ. ಮೊತ್ತ 950 ಡಾಲರ್ ದಾಟಿದರೆ ಶಿಕ್ಷೆ ಇನ್ನಷ್ಟು ಏರಬಹುದು. ಜೋನಂಥವನ ಉಪಕರಣ ಅವನ ಬಾಯಿ. ಅದನ್ನು ಜಪ್ತಿ ಮಾಡುವುದು ಹೇಗೆ?

ಹಾಗೆಂದು ಜೋ ಮಾಡಿದ್ದು ತಪ್ಪೇ ಅಲ್ಲ ಎನ್ನಲು ನನಗೆ ಮನಸ್ಸಿಲ್ಲ. ಊರಿನವರೆಲ್ಲ ಸೇರಿ ಕೆರೆಯ ಹೂಳೆತ್ತುತ್ತಾರೆ. ಹೂಳೆತ್ತಲು ಬಾರದವನು ರಾತ್ರಿ ಗುಟ್ಟಾಗಿ ತನ್ನ ಗದ್ದೆಗೆ ತೂಬು ತಿರುಗಿಸಿಕೊಂಡರೆ ಕೆರೆ ಬತ್ತುವುದಿಲ್ಲ, ನಿಜ. ಆದರೂ ಉಳಿದವರ ಬೆವರನ್ನು ಆತ ಪುಕ್ಕಟೆ ಮಾಡಿಕೊಂಡ. ಟೆಲಿಫೋನ್ ಜಾಲವೂ ಬಿಲ್ಲು ಕಟ್ಟಿದ ಲಕ್ಷಾಂತರ ಜನರ ಕೆರೆ. ಮಿಸ್ಡ್ ಕಾಲಿಗೂ ಸಿಳ್ಳೆಗೂ ವ್ಯತ್ಯಾಸವಿರುವುದು ಇಲ್ಲೇ. ಎತ್ತದ ಕರೆಗೆ ದುಡ್ಡಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿದ್ದ, ಎಲ್ಲರಿಗೂ ಅನ್ವಯಿಸುತ್ತಿದ್ದ ನಿಯಮ. ನಾವು ಅದರ ಒಳಗೇ ಜಾಣತನ ಮಾಡಿದೆವು. ಸಿಳ್ಳೆ ಹೇಳಿದ್ದು ಸುಳ್ಳು. ಕೇಳಿಸಿಕೊಂಡದ್ದು ಯಂತ್ರವಾದರೂ, ಮೋಸಹೋದದ್ದು ಅದರ ಹಿಂದಿದ್ದ ಜನರ ಒಪ್ಪಂದ.

ತಪ್ಪು ಹೌದು. ಆದರೆ ಅದು ‘ದುರುದ್ದೇಶ’ವೇ? ಜೋ ಟೆಲಿಫೋನನ್ನು ದ್ವೇಷಿಸಿದವನಲ್ಲ, ಅದಕ್ಕೆ ಮನಸೋತವನು. ಟೆಲಿಫೋನ್ ಕಂಪನಿಯಲ್ಲಿ ಕೆಲಸ ಸಿಗಬೇಕೆಂಬುದೇ ಅವನ ದೊಡ್ಡ ಆಸೆ. ಸುದ್ದಿಯಾದ ಮೇಲೆ ಅಂಥದ್ದೊಂದು ಕೆಲಸ ಸಿಕ್ಕಿತು ಕೂಡ. ಒಳಗೆ ಸೇರಿಸಿಕೊಳ್ಳಿ ಎಂದು ಬಾಗಿಲು ತಟ್ಟಿದವನನ್ನು ಬಾಗಿಲು ಒಡೆಯಲು ಬಂದವನೆಂದು ದಾಖಲಿಸಿದ ಹಾಗಾಯಿತು.

ಅದೇ 1971ರ ಅಕ್ಟೋಬರಿನಲ್ಲಿ ‘ಎಸ್ಕ್ವೈರ್’ ಪತ್ರಿಕೆ ಈ ಸಿಳ್ಳೆಗಾರರ ಬಗ್ಗೆ ದೊಡ್ಡ ಲೇಖನ ಪ್ರಕಟಿಸಿತು. ಅದನ್ನು ಓದಿದ ಇಬ್ಬರು ಹುಡುಗರು ಇಂಥ ಸ್ವರಗಳನ್ನೇ ಹೊರಡಿಸುವ ‘ನೀಲಿ ಪೆಟ್ಟಿಗೆ’ ತಯಾರಿಸಿ ಬರ್ಕ್ಲಿಯ ಹಾಸ್ಟೆಲುಗಳಲ್ಲಿ ಮಾರಿದರು. ಒಬ್ಬ ಸ್ಟೀವ್ ವೋಜ್ನಿಯಾಕ್, ಇನ್ನೊಬ್ಬ ಸ್ಟೀವ್ ಜಾಬ್ಸ್. ಆ ಪೆಟ್ಟಿಗೆ ಇಲ್ಲದಿದ್ದರೆ ಆಪಲ್ ಕಂಪನಿಯೇ ಇರುತ್ತಿರಲಿಲ್ಲ ಎಂದು ಜಾಬ್ಸ್ ಮುಂದೆ ಹೇಳಿಕೊಂಡರು. ಅವರ ತಪ್ಪು ಸಾಹಸದ ಕಥೆಯಾಯಿತು, ಜೋನ ತಪ್ಪು ಕೋರ್ಟಿನ ಕಡತವಾಯಿತು. ಕಾನೂನು ಡಾಲರಿನಿಂದ ಅಳೆಯಿತು, ಲೋಕ ಯಶಸ್ಸಿನಿಂದ ಅಳೆಯಿತು. ಮಾಡಿದವನ ಮನಸ್ಸನ್ನು ಎರಡೂ ತಕ್ಕಡಿಗಳು ತೂಗಲಿಲ್ಲ.

ಶಿಕ್ಷೆ ಎರಡು ಕೆಲಸ ಮಾಡುತ್ತದೆ. ಒಂದು, ನೋವು ಕೊಡುತ್ತದೆ. ಎರಡು, ಮಾಡಿದ ಕೆಲಸಕ್ಕೆ ಹೆಸರಿಡುತ್ತದೆ. ದಂಡ ಹೆಚ್ಚಾಯಿತೇ ಕಡಿಮೆಯಾಯಿತೇ ಎಂದು ನಾವು ಗಂಟೆಗಟ್ಟಲೆ ಚರ್ಚಿಸುತ್ತೇವೆ. ಇಟ್ಟ ಹೆಸರು ಸರಿಯೇ ಎಂದು ಕೇಳುವುದು ಕಡಿಮೆ. ದಂಡ ಕಟ್ಟಿದರೆ ತೀರುತ್ತದೆ, ಹೆಸರು ತೀರುವುದಿಲ್ಲ. ಹಗುರ ಶಿಕ್ಷೆಗೆ ಭಾರವಾದ ಹೆಸರು ಕೊಡುವುದೂ ಒಂದು ಅನ್ಯಾಯ. ನಮ್ಮಲ್ಲಿ 2023ರ ದೂರಸಂಪರ್ಕ ಕಾಯ್ದೆ ಜಾಲಕ್ಕೆ ಅನಧಿಕೃತ ಪ್ರವೇಶ ಪಡೆದವರಿಗೆ ಮೂರು ವರ್ಷದವರೆಗೆ ಜೈಲು, ಎರಡು ಕೋಟಿ ರೂಪಾಯಿವರೆಗೆ ದಂಡ ಎನ್ನುತ್ತದೆ. ವಂಚಕನಿಗೂ ಕುತೂಹಲಿಗೂ ಒಂದೇ ಸಾಲು. ಇಬ್ಬರನ್ನೂ ಬೇರ್ಪಡಿಸುವ ಹೊಣೆ ನ್ಯಾಯಾಧೀಶರ ವಿವೇಕದ ಮೇಲೆ ಬೀಳುತ್ತದೆ.

ಜೋ ಮುಂದೆ ಕಾನೂನುಬದ್ಧವಾಗಿಯೇ ತನ್ನ ಹೆಸರನ್ನು ‘ಜಾಯ್‌ಬಬಲ್ಸ್’ ಎಂದು ಬದಲಿಸಿಕೊಂಡ. ಸಂತೋಷದ ಗುಳ್ಳೆಗಳು ಎಂದರ್ಥ. ಕೊನೆಯ ವರ್ಷಗಳಲ್ಲಿ ಮಿನಿಯಾಪೊಲಿಸ್‌ನಲ್ಲಿದ್ದು, ಯಾರು ಬೇಕಾದರೂ ಫೋನ್ ಮಾಡಿ ಕೇಳಬಹುದಾದ ಕಥೆಗಳನ್ನು ರೆಕಾರ್ಡ್ ಮಾಡಿಡುತ್ತಿದ್ದ. 2007ರಲ್ಲಿ ತೀರಿಕೊಂಡ. ಸರ್ಕಾರ ಇಟ್ಟ ಹೆಸರು ಕಡತದಲ್ಲಿ ಉಳಿಯಿತು. ಅವನನ್ನು ಬಲ್ಲವರು ಕರೆದದ್ದು ಅವನೇ ಇಟ್ಟುಕೊಂಡ ಹೆಸರಿನಿಂದ.