ಒಂದು ಎಳೆ ಕಡಿದರೂ ಮಗ್ಗ ನಿಲ್ಲಬೇಕು



ಸಂತೆಯಲ್ಲಿ, ಅಂಗಡಿಯಲ್ಲಿ, ಗ್ಯಾರೇಜಿನಲ್ಲಿ ಪದೇ ಪದೇ ಕೇಳಿಬರುವ ಒಂದು ಮಾತಿದೆ: "ಕೊಟ್ಟ ದುಡ್ಡಿಗೆ ಇಷ್ಟೇ ಸಾರ್." ಮಾರಿದವನು ಇದನ್ನು ಹೇಳಿ ಕೈತೊಳೆದುಕೊಳ್ಳುತ್ತಾನೆ. ಕೊಂಡವನೂ ಇದನ್ನೇ ಹೇಳಿಕೊಂಡು ಸಮಾಧಾನಪಡುತ್ತಾನೆ. ಮೇಲ್ನೋಟಕ್ಕೆ ಇದು ನ್ಯಾಯದ ಮಾತಿನಂತೆಯೇ ಕಾಣುತ್ತದೆ. ಆದರೆ ತುಸು ಯೋಚಿಸಿ ನೋಡಿ. ಬೆಲೆ ಇಳಿದಂತೆ ಬಟ್ಟೆಯ ನೂಲು ಒರಟಾಗಬಹುದು, ಪೀಠೋಪಕರಣದ ಮರ ಬದಲಾಗಬಹುದು. ಮಾರುವವನ ಪ್ರಾಮಾಣಿಕತೆಯೂ ಅದರೊಂದಿಗೆ ಇಳಿಯಬಹುದೇ? ಇಳಿದು, ಹೆಸರು ಕೆಟ್ಟ ಮೇಲೆ, ಅದನ್ನು ಮರಳಿ ಪಡೆಯುವ ದಾರಿ ಯಾವುದು?

ಈ ಪ್ರಶ್ನೆಗೆ ಧರ್ಮಗ್ರಂಥಗಳಲ್ಲಿ ಉತ್ತರವಿದೆ. ಆದರೆ ಇಂದು ನಿಮ್ಮನ್ನು ಮೊದಲು ಒಂದು ಕಾರ್ಖಾನೆಯ ಬಾಗಿಲಿಗೆ ಕರೆದೊಯ್ಯಬೇಕೆನಿಸಿದೆ. ನಮ್ಮ ಸುಬ್ರಹ್ಮಣ್ಯಪುರದಿಂದ ಹೊರಟು ಮೈಸೂರು ರಸ್ತೆ ಹಿಡಿದರೆ ಸುಮಾರು 30 ಕಿ.ಮೀ. ದೂರದಲ್ಲಿ ಬಿಡದಿ ಸಿಗುತ್ತದೆ. ಜಪಾನಿನ ಟೊಯೋಟಾ ಕಂಪೆನಿ ಕಿರ್ಲೋಸ್ಕರ್ ಸಮೂಹದೊಡನೆ ಸೇರಿ 1997ರಲ್ಲಿ ಸ್ಥಾಪಿಸಿದ ಸಂಸ್ಥೆಯ ಕಾರ್ಖಾನೆ ಅಲ್ಲಿದೆ. 2000ದ ಆರಂಭದಲ್ಲಿ ಅಲ್ಲಿಂದ ಕ್ವಾಲಿಸ್ ಹೊರಬಂತು. 2010ರ ಕೊನೆಯಲ್ಲಿ ನಮ್ಮ ಜನರ ಕೈಗೆಟುಕುವ ಬೆಲೆಯ ಎಟಿಯೋಸ್ ಬಂತು. ಬಾಗಿಲು, ಡ್ಯಾಶ್‌ಬೋರ್ಡುಗಳಲ್ಲಿ ಅಗ್ಗದ ಪ್ಲಾಸ್ಟಿಕ್ ಎದ್ದು ಕಾಣುತ್ತದೆಂದು ಹಲವರು ಮೂಗು ಮುರಿದರು. ಕಂಪೆನಿ ಮುಂದಿನ ವರ್ಷಗಳಲ್ಲಿ ಒಳಭಾಗವನ್ನು ಸುಧಾರಿಸಿತು. 2020ರಲ್ಲಿ ತಯಾರಿ ನಿಲ್ಲುವ ಹೊತ್ತಿಗೆ ಬೆಂಗಳೂರಿನ ಟ್ಯಾಕ್ಸಿ ಚಾಲಕರು ಆ ಕಾರನ್ನು ತಮ್ಮದಾಗಿಸಿಕೊಂಡಿದ್ದರು. ದಿನವಿಡೀ ಓಡಿಸಿ ಹೊಟ್ಟೆ ಹೊರೆಯುವವನು ಡ್ಯಾಶ್‌ಬೋರ್ಡಿನ ಹೊಳಪು ನೋಡುವುದಿಲ್ಲ, ಗಾಡಿ ದಾರಿಯಲ್ಲಿ ಕೈಕೊಡುವುದೋ ಇಲ್ಲವೋ ಎಂದು ನೋಡುತ್ತಾನೆ.

ಇಂದು ಈ ಕಂಪೆನಿಯ ಹೆಸರೆಂದರೆ ನಂಬಿಕೆ ಎನ್ನುವವರಿದ್ದಾರೆ. ಒಂದು ಕಾಲದಲ್ಲಿ ಹಾಗಿರಲಿಲ್ಲ. ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಜಪಾನಿನ ಮಾಲೆಂದರೆ ಅಗ್ಗದ, ಬಾಳಿಕೆ ಬಾರದ ಮಾಲು ಎಂಬ ಭಾವನೆ ಜಗತ್ತಿನಾದ್ಯಂತ ಇತ್ತು. 1957ರಲ್ಲಿ ಟೊಯೋಟಾ ತನ್ನ ಕ್ರೌನ್ ಕಾರನ್ನು ಅಮೆರಿಕಕ್ಕೆ ಒಯ್ದಿತು. ಜಪಾನಿನ ಹದಗೆಟ್ಟ ರಸ್ತೆಗಳಿಗೆಂದು ಗಟ್ಟಿಯಾಗಿ ಮಾಡಿದ್ದ ಆ ಕಾರು ಅಲ್ಲಿನ ಹೆದ್ದಾರಿಯ ವೇಗಕ್ಕೆ ನಿಲ್ಲಲಿಲ್ಲ. ಎಂಜಿನ್ ಬಿಸಿಯಾಗುತ್ತಿತ್ತು, ಗಾಡಿ ನಡುಗುತ್ತಿತ್ತು. 1958ರಲ್ಲಿ ಅಲ್ಲಿ ಮಾರಾಟವಾದ ಕ್ರೌನ್ ಕಾರುಗಳು ಬರೀ 287.

ಆಗ ಕಂಪೆನಿಯ ಮುಂದೆ ಎರಡು ದಾರಿಗಳಿದ್ದವು. ಬೆಲೆ ಇಳಿಸಿ, ಬಣ್ಣದ ಜಾಹೀರಾತು ಕೊಟ್ಟು, ಅದೇ ಕಾರನ್ನು ಹೇಗೋ ಸಾಗಹಾಕುವುದು ಒಂದು. 1960ರಲ್ಲಿ ಅದು ಎರಡನೆಯ ದಾರಿ ಹಿಡಿಯಿತು. ಅಮೆರಿಕಕ್ಕೆ ಪ್ರಯಾಣಿಕ ಕಾರು ಕಳಿಸುವುದನ್ನೇ ನಿಲ್ಲಿಸಿತು. 1961ರಿಂದ ಕಾರ್ಖಾನೆಯ ಪ್ರತಿಯೊಂದು ವಿಭಾಗದಲ್ಲಿ ಗುಣಮಟ್ಟ ನಿಯಂತ್ರಣದ ಹೊಸ ಕ್ರಮ ತಂದಿತು. 1965ರಲ್ಲಿ, ಗುಣಮಟ್ಟಕ್ಕಾಗಿ ಕೊಡಮಾಡುವ ಡೆಮಿಂಗ್ ಪ್ರಶಸ್ತಿ ಪಡೆದ ವರ್ಷವೇ, ಹೆದ್ದಾರಿಗೆ ತಕ್ಕಂತೆ ರೂಪಿಸಿದ ಕೊರೋನಾ ಕಾರಿನೊಂದಿಗೆ ಮರಳಿ ಹೋಯಿತು. ಅದರ ಬೆಲೆ ಎರಡು ಸಾವಿರ ಡಾಲರಿಗಿಂತ ಕಡಿಮೆ. ಅಂದರೆ ಕಾರು ಅಗ್ಗದ್ದೇ, ಕೆಲಸ ಮಾತ್ರ ಅಗ್ಗದ್ದಾಗಿರಲಿಲ್ಲ. 1975ರ ವೇಳೆಗೆ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ವಿದೇಶಿ ಕಾರುಗಳ ಹೆಸರು ಅದರದಾಯಿತು.

ನಿಲ್ಲಿಸುವ ಈ ಬುದ್ಧಿ ಅವರಿಗೆ ಎಲ್ಲಿಂದ ಬಂತು? ಇದರ ಹಿಂದೆ ಒಂದು ಮಗ್ಗದ ಕಥೆಯಿದೆ. ಕಂಪೆನಿಯ ಮೂಲಪುರುಷ ಸಕಿಚಿ ಟೊಯೋಡಾ ಬಡಗಿಯ ಮಗ. ಅವರು 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗದಲ್ಲಿ ಒಂದೇ ಒಂದು ಎಳೆ ಕಡಿದರೂ ಯಂತ್ರ ತಾನಾಗಿ ನಿಲ್ಲುತ್ತಿತ್ತು. ಎಳೆ ಕಡಿದ ಮೇಲೂ ನೇಯುತ್ತ ಹೋದರೆ ಗಜಗಟ್ಟಲೆ ಬಟ್ಟೆ ಕೆಡುತ್ತದೆ ತಾನೆ? 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪೆನಿಗೆ ಆ ಮಗ್ಗದ ಹಕ್ಕುಸ್ವಾಮ್ಯ ಕೊಡಲಾಯಿತು. ಮಗ ಕಿಚಿರೊ ಕಾರಿನ ಕೆಲಸಕ್ಕೆ ಕೈಹಾಕಿ, 1937ರಲ್ಲಿ ಕಾರಿನ ಕಂಪೆನಿ ಹುಟ್ಟಿತು. ಮಗ್ಗದ ತತ್ವ ಕಾರಿನ ಸಾಲಿಗೂ ಬಂತು. ಕೆಲಸಗಾರನ ಕೈಗೆಟುಕುವಂತೆ ಒಂದು ಹಗ್ಗ ಅಥವಾ ಗುಂಡಿ ಇರುತ್ತದೆ. ಬೋಲ್ಟು ಸರಿಯಾಗಿ ಕೂರದಿದ್ದರೆ ಅವನು ಅದನ್ನೆಳೆಯಬೇಕು. ಮುಖ್ಯಸ್ಥ ಓಡಿಬರುತ್ತಾನೆ. ನಿಗದಿತ ಹೊತ್ತಿನಲ್ಲಿ ಸರಿಹೋಗದಿದ್ದರೆ ಸಾಲೇ ನಿಲ್ಲುತ್ತದೆ. ನಿಂತ ಪ್ರತಿ ನಿಮಿಷವೂ ನಷ್ಟ. ಆದರೂ ಎಳೆದವನನ್ನು ಗದರಬಾರದೆಂಬುದು ಅಲ್ಲಿನ ನಿಯಮ.

ಬಿಡದಿಯಿಂದ ಇನ್ನೂ ಮುಂದೆ ಹೋದರೆ ರಾಮನಗರ. ಅಲ್ಲಿ ರೇಷ್ಮೆ ಗೂಡಿನ ದೊಡ್ಡ ಮಾರುಕಟ್ಟೆಯಿದೆ, ನೂಲು ಬಿಚ್ಚುವ ಕಸುಬಿನಲ್ಲಿ ನಮ್ಮ ಸಮುದಾಯದ ಎಷ್ಟೋ ಕುಟುಂಬಗಳಿವೆ. ಗೂಡು ಕೊಳ್ಳುವ ಅನುಭವಸ್ಥ ರೀಲರ್ ಏನು ಮಾಡುತ್ತಾನೆ? ಮೇಲಿರುವ ಬೆಳ್ಳಗಿನ ಗೂಡುಗಳನ್ನು ನೋಡಿ ಬೆಲೆ ಕೂಗುವುದಿಲ್ಲ. ರಾಶಿಯೊಳಗೆ ಕೈ ಇಳಿಸಿ, ಅಡಿಯಿಂದ ಒಂದು ಹಿಡಿ ತೆಗೆದು, ಕಿವಿಯ ಬಳಿ ಅಲುಗಾಡಿಸುತ್ತಾನೆ.

ಈ ಕೈಯನ್ನು ನೋಡಿದಾಗ ಮದೀನಾದ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಇಳಿದ ಪವಿತ್ರ ಹಸ್ತದ ನೆನಪಾಗುವುದಿಲ್ಲವೇ? ಪ್ರವಾದಿವರ್ಯರು(ಸ) ರಾಶಿಯೊಳಗೆ ಕೈ ಹಾಕಿದರು, ಬೆರಳಿಗೆ ತೇವ ತಗುಲಿತು. ಇದೇನೆಂದು ಕೇಳಿದರು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಿದ್ದರೆ ನೆನೆದದ್ದನ್ನು ಜನರ ಕಣ್ಣಿಗೆ ಬೀಳುವಂತೆ ಮೇಲೆ ಇಡಬಾರದಿತ್ತೇ ಎಂದು ಪ್ರಶ್ನಿಸಿ, ವಂಚಿಸುವವನು ನಮ್ಮ ಬಳಗಕ್ಕೆ ಸೇರಿದವನಲ್ಲ ಎಂಬರ್ಥದ ಎಚ್ಚರಿಕೆ ಕೊಟ್ಟರು. ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿರುವ ಈ ಘಟನೆಯಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಒಂದು ಸೂಕ್ಷ್ಮವಿದೆ. ಮಳೆ ಆ ವ್ಯಾಪಾರಿಯ ತಪ್ಪಲ್ಲ. ನೆನೆದ ಧಾನ್ಯ ಮಾರುವುದನ್ನೂ ಪ್ರವಾದಿ(ಸ) ನಿಷೇಧಿಸಲಿಲ್ಲ. ಕಡಿಮೆ ಬೆಲೆಗೆ, ನೆನೆದದ್ದೆಂದು ಹೇಳಿ ಮಾರಬಹುದಿತ್ತು. ಆಕ್ಷೇಪವಿದ್ದದ್ದು ಅದನ್ನು ಅಡಿಯಲ್ಲಿಟ್ಟದ್ದಕ್ಕೆ. "ಕೊಟ್ಟ ದುಡ್ಡಿಗೆ ಇಷ್ಟೇ" ಎಂಬ ಮಾತನ್ನು ಇಲ್ಲಿಟ್ಟು ನೋಡಿ. ಮಾರುವ ಮೊದಲು ಹೇಳಿದರೆ ಅದು ಸತ್ಯ, ಕೆಟ್ಟ ಮೇಲೆ ಹೇಳಿದರೆ ವಂಚನೆ.

ಫಿಕ್ಹ್ ಗ್ರಂಥಗಳು ಇದನ್ನು ಕಾನೂನಾಗಿಯೂ ರೂಪಿಸಿವೆ. ಕೊಂಡ ಮೇಲೆ ಅಡಗಿದ ದೋಷ ಕಂಡುಬಂದರೆ ವಸ್ತುವನ್ನು ಮರಳಿಸುವ ಹಕ್ಕು ಕೊಂಡವನಿಗಿದೆ. ಅದಕ್ಕೆ ಖಿಯಾರುಲ್ ಐಬ್ ಎಂದು ಹೆಸರು. (ಈ ಅಧ್ಯಾಯ ಕಲಿಸುವಾಗ ಮದ್ರಸದ ಹುಡುಗರು ಒಂಟೆ, ಕುದುರೆಗಳ ಉದಾಹರಣೆ ಕೇಳಿ ಆಕಳಿಸುತ್ತಾರೆ. ಹಳೆಯ ಬೈಕಿನ ಹೆಸರೆತ್ತಿದರೆ ಎಲ್ಲರ ಕಿವಿ ನಿಮಿರುತ್ತದೆ.) ಇಮಾಮ್ ಅಬೂ ಹನೀಫಾ(ರ) ಕೂಫಾದಲ್ಲಿ ರೇಷ್ಮೆ ಬಟ್ಟೆಯ ವ್ಯಾಪಾರಿಯಾಗಿದ್ದರು. ದೋಷವಿದ್ದ ಒಂದು ಬಟ್ಟೆಯನ್ನು ಪಾಲುದಾರನಿಗೆ ಕಳಿಸಿ, ದೋಷ ತಿಳಿಸಿಯೇ ಮಾರಬೇಕೆಂದು ಹೇಳಿದ್ದರು. ಪಾಲುದಾರ ಮರೆತು ಮಾರಿಬಿಟ್ಟ. ಕೊಂಡವನು ಯಾರೆಂದು ಗೊತ್ತಾಗಲಿಲ್ಲ. ಇಮಾಮರು ಆ ಸರಕಿನಿಂದ ಬಂದ ಹಣವನ್ನೆಲ್ಲ ದಾನ ಮಾಡಿಬಿಟ್ಟರೆಂದು ಅವರ ಜೀವನಚರಿತ್ರೆಗಾರರು ಬರೆದಿದ್ದಾರೆ.

ಇಷ್ಟು ಓದಿದ ಮೇಲೆ ನೀವು ಕೇಳಬಹುದು: ಆ ಕಂಪೆನಿ ಅಷ್ಟು ಒಳ್ಳೆಯದೇ? ಅಲ್ಲ. ಅದರ ಕಥೆಯ ಉತ್ತರಾರ್ಧ ಇನ್ನೂ ಹೆಚ್ಚು ಪಾಠ ಕಲಿಸುತ್ತದೆ. ಜಗತ್ತಿನಲ್ಲೇ ಅತಿದೊಡ್ಡ ಕಾರು ತಯಾರಕನಾಗುವ ಓಟದಲ್ಲಿ ಅದು ತನ್ನ ಹಗ್ಗವನ್ನು ಮರೆಯಿತು. ನೆಲಹಾಸಿಗೆ ಸಿಕ್ಕಿಕೊಳ್ಳುವ, ಒತ್ತಿದಲ್ಲೇ ಅಂಟಿಕೊಳ್ಳುವ ವೇಗದ ಪೆಡಲಿನ ದೋಷಕ್ಕಾಗಿ 2009-10ರಲ್ಲಿ ಲಕ್ಷಗಟ್ಟಲೆ ಕಾರುಗಳನ್ನು ಮರಳಿ ಕರೆಸಿಕೊಳ್ಳಬೇಕಾಯಿತು. 2010ರ ಫೆಬ್ರವರಿಯಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಅಧ್ಯಕ್ಷ ಅಕಿಯೊ ಟೊಯೋಡಾ ಕ್ಷಮೆ ಕೇಳಿ, ತಾವು ಬೆಳೆದ ವೇಗ ಅತಿಯಾಗಿ, ಯಾವುದು ಮೊದಲು ಯಾವುದು ಆಮೇಲೆ ಎಂಬುದೇ ಗೊಂದಲವಾಯಿತೆಂದು ಒಪ್ಪಿಕೊಂಡರು. 2014ರಲ್ಲಿ ಕಂಪೆನಿ ಸುರಕ್ಷತೆಯ ಬಗ್ಗೆ ಗ್ರಾಹಕರಿಗೆ ತಪ್ಪು ಮಾಹಿತಿ ಕೊಟ್ಟದ್ದನ್ನು ಒಪ್ಪಿ 120 ಕೋಟಿ ಡಾಲರ್ ತೆತ್ತಿತು. ನೆನೆದ ಧಾನ್ಯ ಮತ್ತೆ ರಾಶಿಯ ಅಡಿಗೆ ಹೋಗಿತ್ತು.

ಅದರದೇ ಅಂಗಸಂಸ್ಥೆಯಾದ ದೈಹಾತ್ಸು ಸಣ್ಣ, ಅಗ್ಗದ ಕಾರುಗಳಿಗೆ ಹೆಸರಾದದ್ದು. ಒಳಗಿನಿಂದಲೇ ಬಂದ ಒಂದು ದೂರಿನ ಮೇಲೆ ಅಲ್ಲಿ ತನಿಖೆ ನಡೆಯಿತು. ಸುರಕ್ಷತಾ ಪರೀಕ್ಷೆಗಳಲ್ಲಿ ಮೋಸ ನಡೆದಿತ್ತೆಂದು, ಅತಿ ಹಳೆಯ ಪ್ರಕರಣ 1989ರದೆಂದು, 64 ಮಾದರಿಗಳು ಇದಕ್ಕೆ ಸಿಕ್ಕಿವೆಯೆಂದು 2023ರ ಡಿಸೆಂಬರಿನಲ್ಲಿ ಬಯಲಾಯಿತು. ಎಲ್ಲ ಕಾರುಗಳ ರವಾನೆ ನಿಂತಿತು. ಕಾರಣವೇನು? ಕಾಲಾವಕಾಶ ಕೊಡದೆ ಹೇರಿದ ವಿಪರೀತ ಒತ್ತಡ ಎಂದಿತು ತನಿಖಾ ಸಮಿತಿ. ಪರೀಕ್ಷೆಯಲ್ಲಿ ಫೇಲಾಯಿತು ಎಂದು ಹೇಳುವ ಧೈರ್ಯ ಕೆಳಗಿನ ನೌಕರನಿಗಿರಲಿಲ್ಲ. ಹಗ್ಗವೇನೋ ಇತ್ತು, ಎಳೆಯುವ ಕೈ ನಡುಗುತ್ತಿತ್ತು.

ಪಶ್ಚಾತ್ತಾಪಕ್ಕೆ ನಮ್ಮ ಉಲಮಾಗಳು ಹೇಳುವ ಷರತ್ತುಗಳನ್ನು ನೆನಪಿಸಿಕೊಳ್ಳಿ. ಪಾಪವನ್ನು ಬಿಟ್ಟುಬಿಡುವುದು, ಮರುಗುವುದು, ಮತ್ತೆ ಮಾಡೆನೆಂದು ನಿಶ್ಚಯಿಸುವುದು. ಅನ್ಯಾಯವು ಮನುಷ್ಯನ ಹಕ್ಕಿಗೆ ಸಂಬಂಧಿಸಿದ್ದರೆ ನಾಲ್ಕನೆಯದೊಂದಿದೆ: ಆ ಹಕ್ಕನ್ನು ಅವನಿಗೆ ಮರಳಿಸುವುದು. ನಮ್ಮಲ್ಲಿ ಅನೇಕರ ತೌಬಾ ಮರುಗುವುದರಿಂದ ಶುರುವಾಗಿ ಅಲ್ಲಿಯೇ ಮುಗಿಯುತ್ತದೆ. ಕಣ್ಣೀರು ಬರುತ್ತದೆ, ಕೆಲಸ ನಿಲ್ಲುವುದಿಲ್ಲ. ರಮಝಾನಿನ ರಾತ್ರಿಗಳಲ್ಲಿ ಅತ್ತು ಬೇಡಿದವನು ಮರುದಿನ ತೂಕದಲ್ಲಿ ಕಡಿಮೆ ಕೊಟ್ಟರೆ ಆ ಕಣ್ಣೀರಿಗೆ ಏನೆನ್ನೋಣ? ಅಳತೆ-ತೂಕದಲ್ಲಿ ವಂಚಿಸುವವರ ಹೆಸರಿನಲ್ಲೇ ಪವಿತ್ರ ಕುರ್‌ಆನ್‌ನಲ್ಲಿ ಒಂದು ಅಧ್ಯಾಯವಿದೆ, ಅದು ವಿನಾಶದ ಎಚ್ಚರಿಕೆಯಿಂದಲೇ ಆರಂಭವಾಗುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಕಂಪೆನಿ ದೋಷ ತಿದ್ದುವುದು ಲಾಭಕ್ಕಾಗಿ, ಅಲ್ಲಾಹನ ಭಯದಿಂದಲ್ಲ. ಅದನ್ನು ತೌಬಾಕ್ಕೆ ಹೋಲಿಸುವುದು ಸರಿಯೇ? ಕರ್ಮಗಳಿಗೆ ಪ್ರತಿಫಲ ಸಂಕಲ್ಪಕ್ಕನುಸಾರ ಎಂಬುದು ನಿಜ. ಲಾಭಕ್ಕೆ ಮಾಡಿದವನು ಲಾಭ ಪಡೆಯುತ್ತಾನೆ, ಅಷ್ಟೇ. ಆದರೆ ಈ ಆಕ್ಷೇಪವನ್ನು ನಾವು ತುಸು ಸಂಕೋಚದಿಂದಲೇ ಎತ್ತಬೇಕು. ಬರೀ ಲಾಭಕ್ಕಾಗಿ ದುಡಿಯುವವನು ನಷ್ಟ ತಡೆದುಕೊಂಡು ಸಾಲು ನಿಲ್ಲಿಸಬಲ್ಲನಾದರೆ, ಪರಲೋಕದ ಲೆಕ್ಕದಲ್ಲಿ ವಿಶ್ವಾಸವಿಟ್ಟವನು ಹತ್ತು ರೂಪಾಯಿ ನಷ್ಟಕ್ಕೆ ಹೆದರುವುದೇಕೆ? ಅಲ್ಲದೆ, ಲಾಭವನ್ನೇ ನೆಚ್ಚಿದ ಪ್ರಾಮಾಣಿಕತೆ ಎಲ್ಲಿಯವರೆಗೆ ಬರುತ್ತದೆಂಬುದನ್ನು ಮೇಲಿನ ಎರಡು ಘಟನೆಗಳಲ್ಲೇ ಕಂಡಿದ್ದೇವೆ. ಮುಚ್ಚಿಡುವುದೇ ಹೆಚ್ಚು ಲಾಭವೆಂದು ಕಂಡ ದಿನ ಅದು ಮುಚ್ಚಿಟ್ಟಿತು.

ಇನ್ನೊಂದು ಪ್ರಶ್ನೆಯನ್ನು ಬಿಡದಿಯ ಕಾರ್ಮಿಕರು ನಮ್ಮ ಮುಂದಿಟ್ಟರು. 2020ರ ನವೆಂಬರಿನಲ್ಲಿ ಅಲ್ಲಿ ಧರಣಿ ನಡೆದು, ಆಡಳಿತ ಲಾಕೌಟ್ ಘೋಷಿಸಿ, ಬಿಕ್ಕಟ್ಟು 2021ರ ಮಾರ್ಚ್‌ವರೆಗೆ ಎಳೆಯಿತು. ಕೆಲಸದ ಹೊರೆ ಮಿತಿಮೀರಿದೆ ಎಂಬುದು ಕಾರ್ಮಿಕರ ದೂರು, ಶಿಸ್ತು ಮುರಿದರು ಎಂಬುದು ಆಡಳಿತದ ವಾದ. ತೀರ್ಪು ಹೇಳುವುದು ನನ್ನ ಉದ್ದೇಶವಲ್ಲ. ಆದರೆ ಬೋಲ್ಟು ಸಡಿಲವಾದರೆ ಎಳೆಯಲು ಹಗ್ಗವಿದ್ದಂತೆ, ಬೋಲ್ಟು ಬಿಗಿಯುವವನ ಸೊಂಟವೇ ಸೋತರೆ ಎಳೆಯಲು ಯಾವ ಹಗ್ಗವಿದೆ? ಕೈಕೆಳಗಿನವರ ಮೇಲೆ ಶಕ್ತಿ ಮೀರಿ ಹೊರಿಸಬಾರದು, ಹೊರಿಸಿದರೆ ತಾವೂ ಕೈಜೋಡಿಸಬೇಕು ಎಂಬುದು ಪ್ರವಾದಿವರ್ಯರ(ಸ) ಆದೇಶ. ದಣಿದ ಕೈ ದೋಷ ಕಂಡರೂ ಕಾಣದಂತಿರುತ್ತದೆ. ದೈಹಾತ್ಸುವಿನಲ್ಲಿ ಆದದ್ದು ಅದೇ ಅಲ್ಲವೇ?

ದೊಡ್ಡ ಕಾರ್ಖಾನೆಗಳ ವಿಚಾರ ಒತ್ತಟ್ಟಿಗಿರಲಿ. ನಮ್ಮ ಬಡಾವಣೆಗಳ ರಸ್ತೆ ಬದಿಯ ಗ್ಯಾರೇಜು, ಹೊಲಿಗೆ ಅಂಗಡಿ, ವೆಲ್ಡಿಂಗ್ ಶೆಡ್ಡುಗಳಲ್ಲಿ ಕೆಲಸ ಕಲಿಯುವ ಎಳೆಯ ಹುಡುಗರಿರುತ್ತಾರೆ. ಅವರ ಕಣ್ಣು ಚುರುಕು. ಬ್ರೇಕಿನ ಕೇಬಲ್ ಸವೆದದ್ದು ಉಸ್ತಾದನಿಗಿಂತ ಮೊದಲು ಹುಡುಗನಿಗೆ ಕಾಣುತ್ತದೆ. ಹೊರಗೆ ಗಿರಾಕಿ ಗಡಿಯಾರ ನೋಡುತ್ತ ನಿಂತಿದ್ದಾನೆ, ಗಾಡಿ ಆಗಲೇ ತೊಳೆದು ಒರೆಸಿ ಸಿದ್ಧವಾಗಿದೆ. "ಉಸ್ತಾದ್, ಇದೊಂದು ಸರಿಯಿಲ್ಲ" ಎಂದು ಹುಡುಗ ಮೆಲ್ಲಗೆ ಹೇಳುತ್ತಾನೆ. ಆಗ ಉಸ್ತಾದ್ ಗಿರಾಕಿಯ ಕಡೆ ತಿರುಗುತ್ತಾನೋ, ಹುಡುಗನ ಕಡೆ ಕಣ್ಣು ಕೆಕ್ಕರಿಸುತ್ತಾನೋ?