ಕಿಂಕ್ ಚಲಿಸುತ್ತದೆಯೆ?

ಒಂದೇ ಆಯಾಮದಲ್ಲಿ ಹರಡಿದ ಅದಿಶ ಕ್ಷೇತ್ರವೊಂದರ ಶಕ್ತಿ ಎರಡು ಬೆಲೆಗಳಲ್ಲಿ ಮಾತ್ರ ಕನಿಷ್ಠವಾಗಿರುತ್ತದೆ ಎನ್ನೋಣ: −1 ಮತ್ತು +1. ಎಡತುದಿಯಲ್ಲಿ ಅದು −1ರಲ್ಲಿಯೂ ಬಲತುದಿಯಲ್ಲಿ +1ರಲ್ಲಿಯೂ ನೆಲೆನಿಂತಿದ್ದರೆ ನಡುವೆ ಎಲ್ಲೋ ಒಂದು ಕಡೆ ಏರಲೇಬೇಕು. ಆ ಏರು ಕಿಂಕ್. ಅದರ ತಿರುವುಮುರುವು, ಆಂಟಿಕಿಂಕ್. ಏರಿನ ಕಿರಿದಾದ ಜಾಗದಲ್ಲಿ ಶಕ್ತಿ ಒಟ್ಟುಗೂಡಿರುವುದರಿಂದ ಕಿಂಕ್‌ಗೆ ದ್ರವ್ಯರಾಶಿ ಇದೆ, ವೇಗವಿದೆ, ಕಣದ ಹಾಗೆ ಅದು ಡಿಕ್ಕಿ ಹೊಡೆಯುತ್ತದೆ. ಆದರೂ ಅದು ಸಾಗುವಾಗ ಯಾವುದೂ ಒಂದು ಜಾಗ ಬಿಟ್ಟು ಇನ್ನೊಂದಕ್ಕೆ ಹೋಗುವುದಿಲ್ಲ. ಒಂದೊಂದು ಬಿಂದುವಿನಲ್ಲೂ ಕ್ಷೇತ್ರದ ಬೆಲೆ ಸರದಿಯಂತೆ ಬದಲಾಗುತ್ತದೆ, ಅಷ್ಟೆ. ಹಾಗಾದರೆ ಚಲಿಸಿದ್ದು ಏನು?

ಬೈಲಕುಪ್ಪೆಯಲ್ಲಿ ಈ ಬಗೆಯ ಪ್ರಶ್ನೆ ಹೊಸದಲ್ಲ. 1419ರಲ್ಲಿ ಲಾಸಾದ ಬಳಿ ಹುಟ್ಟಿದ ಸೆರಾ ಮಠ ಭಾರತದಲ್ಲಿ ಮತ್ತೆ ನೆಲೆಗೊಂಡಿರುವುದು ಪಿರಿಯಾಪಟ್ಟಣ ತಾಲ್ಲೂಕಿನ ಈ ಟಿಬೆಟಿಯನ್ ನೆಲೆಯಲ್ಲಿ. ಅಂಗಳದಲ್ಲಿ ಚಪ್ಪಾಳೆ ತಟ್ಟಿ ವಾದ ಹೂಡುವ ಇಲ್ಲಿನ ಭಿಕ್ಷುಗಳು ಬೌದ್ಧ ದಾರ್ಶನಿಕ ವಸುಬಂಧುವಿನ ಅಭಿಧರ್ಮಕೋಶವನ್ನು ಓದುತ್ತಾರೆ. 2014ರಿಂದೀಚೆಗೆ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಯೋಜನೆಯಡಿ ಭೌತವಿಜ್ಞಾನವನ್ನೂ ಕಲಿಯುತ್ತಿದ್ದಾರೆ. ಸಂಸ್ಕೃತ ಧರ್ಮಗಳೆಲ್ಲ, ಅಂದರೆ ಕಾರಣಗಳಿಂದ ಉಂಟಾದವೆಲ್ಲ, ಕ್ಷಣಿಕ, ಹುಟ್ಟಿದಲ್ಲೇ ಅಳಿಯುತ್ತವೆ; ಆದ್ದರಿಂದ ಚಲನೆ ಎಂಬುದಿಲ್ಲ, ಪಕ್ಕದ ಜಾಗದಲ್ಲಿ ಮುಂದಿನ ಕ್ಷಣ ಹುಟ್ಟುವುದಷ್ಟೇ ಇದೆ ಎಂಬುದು ವಸುಬಂಧುವಿನ ನಿಲುವು. ಕಿಂಕ್‌ಗೆ ಇದು ಚೆನ್ನಾಗಿ ಒಪ್ಪುತ್ತದೆ. ಹಾಗೆಂದು ಪ್ರಾಚೀನರಿಗೆ ಕ್ಷೇತ್ರಸಿದ್ಧಾಂತ ಗೊತ್ತಿತ್ತು ಎನ್ನುವುದು ಅಗ್ಗದ ಮಾತು. ಒಪ್ಪಿದ್ದು ಎಲ್ಲಿಯವರೆಗೆ ಒಪ್ಪುತ್ತದೆ ಎಂಬುದು ಡಿಕ್ಕಿಯಲ್ಲಿ ಗೊತ್ತಾಗಬೇಕು.

1962ರಲ್ಲಿ ಪೆರಿಂಗ್ ಮತ್ತು ಸ್ಕರ್ಮ್ ಪರಿಶೀಲಿಸಿದ ಸೈನ್-ಗಾರ್ಡನ್ ಮಾದರಿಯಲ್ಲಿ ಕನಿಷ್ಠ ಶಕ್ತಿಯ ನೆಲೆಗಳಿಗೆ ಕೊನೆಯಿಲ್ಲ. ಅಲ್ಲಿ ಕಿಂಕ್ ಮತ್ತು ಆಂಟಿಕಿಂಕ್ ಒಂದರೊಳಗೊಂದು ಹಾದು, ಆಕಾರವನ್ನೂ ವೇಗವನ್ನೂ ಕಳೆದುಕೊಳ್ಳದೆ ಆಚೆ ಬರುತ್ತವೆ. ಇರಬೇಕಾದ ಜಾಗಕ್ಕಿಂತ ತುಸು ಮುಂದೆ ಇರುತ್ತವೆ, ಆದ ವ್ಯತ್ಯಾಸ ಅಷ್ಟೆ. ಎರಡೇ ನೆಲೆಗಳಿರುವ ಫೈ-4 ಮಾದರಿಯಲ್ಲಿ ಹಾದುಹೋಗಲು ದಾರಿಯೇ ಇಲ್ಲ. ಹೊರಗಿನ ಬೆಲೆ −1 ಆಗಿರುವಾಗ ಎಡಗಡೆ ಕಿಂಕ್, ಬಲಗಡೆ ಆಂಟಿಕಿಂಕ್ ಅಲ್ಲದೆ ಬೇರೆ ಕ್ರಮ ಸಾಧ್ಯವಿಲ್ಲ. ಡಿಕ್ಕಿಯಿಂದ ಹೊರಬರುವುದಾದರೆ ಅವು ಪುಟಿದೇ ಹಿಂದಿರುಗಬೇಕು. ಸೈನ್-ಗಾರ್ಡನ್‌ನಲ್ಲಿ ಎರಡು ಕಿಂಕ್‌ಗಳು ಎದುರಾದರೆ ತೊಡಕು ಇನ್ನೂ ಹೆಚ್ಚು. ಪುಟಿದವು ಎಂದರೂ ಹಾದುಹೋದವು ಎಂದರೂ ಕ್ಷೇತ್ರದ ಬೆಲೆಗಳು ಅವೇ. ಅಂದರೆ ಯಾವುದು ಯಾವುದಾಯಿತು ಎಂಬುದಕ್ಕೆ ಉತ್ತರ ಕೊಡುವುದು ಕಿಂಕ್ ಅಲ್ಲ, ಅದರ ಅಕ್ಕಪಕ್ಕದ ನೆಲೆಗಳು. ಕೆಲವೊಮ್ಮೆ ಅವೂ ಕೊಡುವುದಿಲ್ಲ. ಇಲ್ಲಿಯವರೆಗೆ ಗೆಲುವು ವಸುಬಂಧುವಿನ ಪಕ್ಷದ್ದೇ.

ಆದರೆ ಫೈ-4ರ ಡಿಕ್ಕಿಗೆ ಇನ್ನೊಂದು ಮುಖವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದ ಆರ್. ರಾಜಾರಾಮನ್ 1982ರ ‘ಸಾಲಿಟಾನ್ಸ್ ಅಂಡ್ ಇನ್‌ಸ್ಟಾಂಟಾನ್ಸ್’ ಗ್ರಂಥದಲ್ಲಿ, ಡಿಕ್ಕಿಯ ನಂತರವೂ ಆಕಾರ ಉಳಿಸಿಕೊಳ್ಳುವ ಅಲೆಗೆ ಮಾತ್ರ ಸಾಲಿಟಾನ್ ಎಂಬ ಹೆಸರು ಸಲ್ಲುತ್ತದೆ ಎಂದು ಬಿಗಿಯಾಗಿ ಗೆರೆ ಎಳೆದರು. ಫೈ-4 ಕಿಂಕ್ ಆ ಗೆರೆಯಾಚೆ ಉಳಿಯುತ್ತದೆ. ಬೆಳಕಿನ ವೇಗದ ಸುಮಾರು 0.26 ಪಾಲಿಗಿಂತ ಹೆಚ್ಚಿನ ವೇಗದಲ್ಲಿ ಬಂದ ಜೋಡಿ ಒಮ್ಮೆ ಪುಟಿದು ದೂರ ಸರಿಯುತ್ತದೆ. ಅದಕ್ಕಿಂತ ನಿಧಾನವಾಗಿ ಬಂದರೆ ಸಾಮಾನ್ಯವಾಗಿ ಒಂದಕ್ಕೊಂದು ಸಿಕ್ಕಿಬಿದ್ದು, ತೊನೆಯುತ್ತ, ಅಲೆಗಳನ್ನು ಹೊರಚೆಲ್ಲುತ್ತ ಸೊರಗುತ್ತದೆ. ವಿಚಿತ್ರವೆಂದರೆ, ಈ ಕೆಳವೇಗಗಳ ನಡುವೆ ಅಲ್ಲಲ್ಲಿ ಕಿರುಕಿಂಡಿಗಳಿವೆ. 0.193ರಿಂದ 0.203ರವರೆಗಿನದು ಅವುಗಳಲ್ಲಿ ಅಗಲವಾದದ್ದು. ಆ ವೇಗದಲ್ಲಿ ಬಂದವು ಒಮ್ಮೆ ಡಿಕ್ಕಿ ಹೊಡೆದು, ತುಸು ದೂರ ಹೋಗಿ, ಮತ್ತೆ ಸೆಳೆಯಲ್ಪಟ್ಟು, ಎರಡನೆಯ ಡಿಕ್ಕಿಯ ನಂತರ ಬಿಡುಗಡೆ ಪಡೆಯುತ್ತವೆ. ಕಿಂಡಿಗಳ ಅಂಚಿನಲ್ಲಿ ಮೂರು ಡಿಕ್ಕಿಗಳ ಕಿಂಡಿಗಳು, ಅವುಗಳ ಅಂಚಿನಲ್ಲಿ ಇನ್ನೂ ಸಣ್ಣವು.

1983ರಲ್ಲಿ ಕ್ಯಾಂಪ್‌ಬೆಲ್, ಶೋನ್‌ಫೆಲ್ಡ್ ಮತ್ತು ವಿಂಗೇಟ್ ಕೊಟ್ಟ ಕಾರಣ ಅನುನಾದ. ಫೈ-4 ಕಿಂಕ್‌ಗೆ ಒಳಗಿನ ಒಂದು ಕಂಪನವಿದೆ. ಮೊದಲ ಡಿಕ್ಕಿ ಚಲನೆಯ ಶಕ್ತಿಯನ್ನು ಅದಕ್ಕೆ ದಾಟಿಸುತ್ತದೆ. ಎರಡನೆಯದು ಹೊಂದಿದ ಹೊತ್ತಿಗೆ ಬಿದ್ದರೆ ಶಕ್ತಿ ಚಲನೆಗೆ ಮರಳುತ್ತದೆ. ಆದ್ದರಿಂದ ಡಿಕ್ಕಿಯಿಂದ ಹೊರಬಂದ ಕಿಂಕ್ ಬರಿಯ ಎರಡು ನೆಲೆಗಳ ಗಡಿಯಲ್ಲ. ಆದದ್ದರ ಗುರುತನ್ನು ಹೊತ್ತು ತಂದಿದೆ. ಇದನ್ನು ಲೆಕ್ಕದಿಂದ ಸಾಧಿಸುವುದು ಸುಲಭವಾಗಲಿಲ್ಲ. 1979ರ ಪ್ರಬಂಧವೊಂದರ ಸೂತ್ರದಲ್ಲಿ ನುಸುಳಿದ ಅಚ್ಚಿನ ತಪ್ಪು ದಶಕಗಳ ಕಾಲ ಮುಂದಿನ ಲೆಕ್ಕಗಳಲ್ಲೂ ಉಳಿದು, 2016ರಲ್ಲಿ ಬಯಲಾಯಿತು. 2021ರಲ್ಲಿ ಮ್ಯಾಂಟನ್ ಮತ್ತು ಸಂಗಡಿಗರು ಜೋಡಿಯ ಸ್ಥಾನ, ಕಂಪನದ ಪ್ರಮಾಣ ಎಂಬ ಎರಡೇ ಚರಗಳಿಂದ ಈ ಕಿಂಡಿಗಳನ್ನು ಮೂಡಿಸಿ ತೋರಿಸಿದರು. ಬಿಂದುಬಿಂದುವಿನ ಕ್ಷೇತ್ರವನ್ನು ಬದಿಗಿಟ್ಟು ಕಿಂಕ್ ಅನ್ನು ವಸ್ತುವೆಂದೇ ಎಣಿಸಿದರೂ ಲೆಕ್ಕ ಸರಿಬರುತ್ತದೆ ಎಂದಮೇಲೆ, ‘ಇದು ಬರಿಯ ತೋರಿಕೆ’ ಎಂಬ ಮಾತಿಗೆ ಬಲ ಸಾಲದು. ಸೆರಾದ ಪಠ್ಯವೇ ಆದ ಚಂದ್ರಕೀರ್ತಿಯ ಮಧ್ಯಮಕಾವತಾರ ಇಲ್ಲಿ ಹೆಚ್ಚು ಉಪಯುಕ್ತ: ರಥವನ್ನು ಅದರ ಅಂಗಗಳಲ್ಲಿ ಹುಡುಕಿದರೆ ಸಿಗದು, ಲೋಕವ್ಯವಹಾರದಲ್ಲಿ ಮಾತ್ರ ಅದು ಇದ್ದೇ ಇದೆ.

ಹಾಗಾದರೆ ಆ ಗುರುತು ಕಿಂಕ್‌ನ ಸ್ವಂತ ಸೊತ್ತೆ? 2011ರಲ್ಲಿ ಡೋರಿ ಮತ್ತು ಸಂಗಡಿಗರು ಪರಿಶೀಲಿಸಿದ ಫೈ-6 ಮಾದರಿಯ ಕಿಂಕ್‌ಗೆ ಒಳಗಿನ ಕಂಪನವೇ ಇಲ್ಲ. ಆದರೂ ಆಂಟಿಕಿಂಕ್ ಎಡಗಡೆ, ಕಿಂಕ್ ಬಲಗಡೆ ಇದ್ದು ಡಿಕ್ಕಿಯಾದರೆ ಕಿಂಡಿಗಳು ಕಾಣುತ್ತವೆ. ಶಕ್ತಿ ತಂಗುವುದು ಅವೆರಡರ ನಡುವಿನ ಎಡೆಯಲ್ಲಿ. ಜಾಗ ಅದಲುಬದಲಾದರೆ ಕಿಂಡಿಗಳಿಲ್ಲ. ಕಂಪನ ಇಲ್ಲಿ ಎರಡರಲ್ಲಿ ಯಾವುದರದೂ ಅಲ್ಲ, ಜೋಡಿಯದು.